ರೀಲಿನ ಬಾಲ

ಟೈಲರಕ್ಕ ಜೀವಮಾನದಲ್ಲಿ ಒಬ್ಬನನ್ನು ಮಾತ್ರ ಮನಸಾರೆ ಶಪಿಸಿದ್ದಳು. ಅವನು ರೇಡಿಯೋ ನಿಲಯದ ಎಡಿಟರು. ಟೇಪಿನ ಬೇಡದ ತುಂಡು ಕತ್ತರಿಸಿ, ಉಳಿದದ್ದನ್ನು ಅಂಟಿಸುವುದು ಅವನ ಕಸುಬು. "ಅವನ ಕೈ ಸೇದಿಹೋಗ," ಎಂದು ಹೊಲಿಗೆ ಮಿಷನ್ ತುಳಿಯುತ್ತಲೇ ಹಿಡಿಶಾಪ ಹಾಕುತ್ತಿದ್ದಳು. ಅವನು ಸತ್ತ ಸುದ್ದಿ ಬಂದಾಗಲೂ ಅಯ್ಯೋ ಅನ್ನಲಿಲ್ಲ, ಅಳತೆ ಟೇಪು ಕೆಳಗಿಡಲೂ ಇಲ್ಲ.

ಸಿಟ್ಟಿಗೆ ಕಾರಣವಿತ್ತು. ಅವಳ ಅಣ್ಣ ಊರೂರು ತಿರುಗಿ ಹಾಡಿ ಹೆಸರು ಮಾಡಿದ ಜನಪದ ಗಾಯಕ. ಕಂಠ ಅವನದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಡುಗಳು ಒಂದೂ ಬಿಡದೆ ಇವಳವು. ಪೆಡಲಿನ ಲಯಕ್ಕೆ ಇವಳು ಸಾಲು ಕಟ್ಟುತ್ತಿದ್ದಳು, ಅವನು ಹೊಸ್ತಿಲ ಮೇಲೆ ಕೂತು ಬಾಯಿಪಾಠ ಮಾಡಿಕೊಳ್ಳುತ್ತಿದ್ದ. ಹಾಡು ಕಟ್ಟುವವನೂ ಅವನೇ ಎಂದು ಜನ ಹೊಗಳಿದರು, ಅವನು ಅಲ್ಲವೆನ್ನಲಿಲ್ಲ.

ಒಂದೇ ಒಂದು ಸಲ ಅಂದಿದ್ದ. ರೆಕಾರ್ಡಿಂಗ್ ದಿನ ಗಾಜಿನಾಚೆಯ ಕೋಣೆಯಲ್ಲಿ ಕೂತಿದ್ದ ಅವಳಿಗೆ ಸ್ಪೀಕರಿನಲ್ಲಿ ಕಿವಿಯಾರೆ ಕೇಳಿಸಿತ್ತು: "ಈ ಹಾಡುಗಳನ್ನೆಲ್ಲ ಕಟ್ಟಿದವಳು ನನ್ನ ತಂಗಿ." ಅಳು ಉಕ್ಕಿ ಬಂದು, ಮುಖ ತೊಳೆಯಲು ಹೊರಗಿನ ನಲ್ಲಿಗೆ ಓಡಿದ್ದಳು. ಪ್ರಸಾರದ ದಿನ ಬೀದಿಯವರನ್ನೆಲ್ಲ ಕರೆದು ರೇಡಿಯೋ ಮುಂದೆ ಕೂರಿಸಿದಳು. ಹಾಡು ಬಂತು, ಆ ಮಾತು ಬರಲಿಲ್ಲ. ಬಂದವರು ಮುಖ ಮುಖ ನೋಡಿಕೊಂಡು ಎದ್ದುಹೋದರು. ಅವಳ ಮಾನ ಮೂರು ಕಾಸಿಗೆ ಹರಾಜಾಯಿತು. "ನಾನೇನ್ ಮಾಡ್ಲಿ, ಎಡಿಟರು ಕತ್ತರಿಸಿಬಿಟ್ಟ," ಎಂದು ಅಣ್ಣ ಕೈ ಚೆಲ್ಲಿದ.

ಈಗ ಅಣ್ಣನೂ ಇಲ್ಲ. ನಿಲಯದವರು ಹಳೆಯ ಟೇಪುಗಳನ್ನು ಹೊರತೆಗೆದು ಮತ್ತೆ ಪ್ರಸಾರ ಮಾಡಹೊರಟಿದ್ದರು. ಹಾಡುಗಳನ್ನು ಗುರುತಿಸಲೆಂದು ಅಣ್ಣನ ಮಗ ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋದ. ಸಂಗ್ರಹದ ಕೋಣೆಯಲ್ಲಿ ಹಳೆಯ ಟೇಪಿನ ಹುಳಿ ವಾಸನೆ. ರೀಲು ತಿರುಗಿತು, ಹಾಡುಗಳೆಲ್ಲ ಮುಗಿದವು. ಆ ಮಾತಿಲ್ಲ. ಟೈಲರಕ್ಕ ಚೀಲ ಎತ್ತಿಕೊಂಡು ಎದ್ದಳು.

"ಇರಿ ಅಮ್ಮಾ, ಬಾಲ ಬಾಕಿ ಇದೆ," ಎಂದಳು ಸಂಗ್ರಹದ ಅಧಿಕಾರಿ. "ನಮ್ಮ ಹಳೇ ಎಡಿಟರು ಕತ್ತರಿಸಿದ್ದನ್ನ ಬಿಸಾಕ್ತಿರ್ಲಿಲ್ಲ. ಮುಂದೆ ಬೇಕಾದೀತು ಅಂತ ತುಂಡುಗಳನ್ನೆಲ್ಲ ರೀಲಿನ ಕೊನೇಲಿ ಅಂಟಿಸಿಡ್ತಿದ್ರು."

ಟೈಲರಕ್ಕ ಚೀಲ ಕೆಳಗಿಟ್ಟು ಮತ್ತೆ ಕೂತಳು. ಅಂಥವನಿಗಾ ನಾನು ಶಾಪ ಹಾಕಿದ್ದು?

ಬಾಲದಲ್ಲಿ ಮೊದಲು ಕೆಮ್ಮು ಬಂತು. ಕುರ್ಚಿ ಎಳೆದ ಸದ್ದು ಬಂತು. ಆಮೇಲೆ ಅಣ್ಣ, ಸ್ಪಷ್ಟವಾಗಿ: "ಈ ಹಾಡುಗಳನ್ನೆಲ್ಲ ಕಟ್ಟಿದವಳು ನನ್ನ ತಂಗಿ."

"ಕೇಳಿಸ್ತೇನೋ?" ಅವಳು ಅಣ್ಣನ ಮಗನ ತೋಳು ಹಿಡಿದು ಅಲ್ಲಾಡಿಸಿದಳು. "ನಾನೇನ್ ಸುಳ್ಳು ಹೇಳ್ತಿದ್ನಾ?"

ರೀಲು ನಿಂತಿರಲಿಲ್ಲ.

"ಎದ್ದು ಹೋದ್ಲಾ?" ಅಣ್ಣನದೇ ದನಿ, ಸ್ವಲ್ಪ ತಗ್ಗಿಸಿದ್ದು. "ಆ ಮಾತು ತೆಗೆದುಬಿಡಿ ಸಾರ್. ಎದುರಿಗೇ ಕೂತಿದ್ಲಲ್ಲ, ಖುಷಿಯಾಗ್ಲಿ ಅಂತ ಅಂದೆ." ಆಮೇಲೊಂದು ಸಣ್ಣ ನಗು. ಹೊಸ ಹಾಡು ಕಲಿತು ಹೊರಡುವಾಗ ಹೊಸ್ತಿಲಲ್ಲಿ ನಗುತ್ತಿದ್ದ ಅದೇ ನಗು.

ಅಣ್ಣನ ಮಗ ಸೂರು ನೋಡಿದ. "ಅಪ್ಪ ತಮಾಷೆಗೆ ಅಂದಿರ್ಬೇಕು ಅತ್ತೆ."

ಅಧಿಕಾರಿಗೆ ಅವಳ ಮುಖ ನೋಡಲಾಗಲಿಲ್ಲ. "ಬೇಕಾದ್ರೆ ಎರಡನೇ ಮಾತು ಕತ್ತರಿಸಿ, ಮೊದಲನೇದನ್ನ ಮಾತ್ರ ಹಾಕ್ತೀವಿ ಅಮ್ಮಾ."

"ಅದೇ ಒಳ್ಳೇದು," ಎಂದು ಅಣ್ಣನ ಮಗ ತಟ್ಟನೆ ಹೇಳಿದ. "ಅಪ್ಪನ ಮರ್ಯಾದೇನೂ ಉಳಿಯುತ್ತೆ."

ಟೈಲರಕ್ಕನಿಗೆ ಮೈಯೆಲ್ಲ ಉರಿಯಿತು. ಎರಡೂ ಮಾತು ಪ್ರಸಾರವಾದರೆ ಊರೆಲ್ಲ ಅಯ್ಯೋ ಪಾಪ ಅನ್ನುತ್ತದೆ. ಒಂದೂ ಬರದಿದ್ದರೆ ತಾನು ಸಾಯುವವರೆಗೂ ಸುಳ್ಳಿ.

"ಕತ್ತರಿಸಿ," ಎಂದಳು, ತನ್ನ ಬಾಯಿಂದಲೇ.

ಪ್ರಸಾರದ ದಿನ ಅವಳು ಯಾರನ್ನೂ ಕರೆಯಲಿಲ್ಲ, ಆದರೂ ಬೀದಿಯವರು ಅವಳ ಅಂಗಡಿಯಲ್ಲಿ ಜಮಾಯಿಸಿದರು. ಹಾಡು ಶುರುವಾಗುವ ಮೊದಲು ಆ ಮಾತು ಬಂತು. ಎಲ್ಲರೂ ಒಮ್ಮೆಗೇ ಅವಳ ಕಡೆ ತಿರುಗಿದರು.

ಪಕ್ಕದ ಮನೆಯವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಂಥಾ ದೊಡ್ಡ ಮನಸ್ಸಕ್ಕಾ ನಿಮ್ಮಣ್ಣಂದು! ಬೇರೆಯವರಾಗಿದ್ರೆ ಬಾಯಿ ಬಿಡ್ತಿದ್ರಾ? ಇಂಥಾ ಅಣ್ಣನ್ನ ಪಡೆಯೋಕೆ ಪುಣ್ಯ ಮಾಡಿರ್ಬೇಕು."

ಉಳಿದವರೂ ಹೌದು ಹೌದು ಎಂದು ತಲೆಯಾಡಿಸಿದರು. ಅವರ ಗದ್ದಲದಲ್ಲಿ ಹಾಡು ಯಾರಿಗೂ ಕೇಳಿಸಲಿಲ್ಲ.

"ಹೂಂ ಕಣಮ್ಮಾ," ಎಂದಳು ಟೈಲರಕ್ಕ. "ಪುಣ್ಯ ಮಾಡಿದ್ದೆ."