ಗುಲಗಂಜಿಗೆ ಬಂದ ಕಾರ್ಗಾಲ

ಕಾರ್ಪಣ್ಯ ಎಂಬ ಪದ ಕಾರಿನಿಂದಲೇ ಏಕೆ ಶುರುವಾಗುತ್ತದೆ ಎಂಬುದು ಪುಂಡರೀಕಾಕ್ಷನಿಗೆ ಪೂರ್ತಿಯಾಗಿ ತಿಳಿದದ್ದು ಜೂನ್ ತಿಂಗಳ ಒಂದು ಶನಿವಾರ, ಡೊಂಬಿವಲಿ ಪೂರ್ವದ ತನ್ನ ವಸತಿ ಸೊಸೈಟಿಯ ಅಂಗಳದಲ್ಲಿ, ಪ್ಯಾಂಟು ಮಡಚಿಕೊಂಡು ಮಳೆನೀರಿನಲ್ಲಿ ನಿಂತಾಗ.

ಎದುರಿಗೆ ಅವನ ಕಾರು. ಎರಡೇ ಸೀಟು, ಮೇಲೆ ಬಟ್ಟೆಯ ಟಪ್ಪು, ಫೈಬರಿನ ಮೈ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂತೆ ಗಿಡ್ಡ ನಿಲುವು. ಇಪ್ಪತ್ತೈದು ವರ್ಷಗಳ ಹಿಂದೆ ಗೋವಾದಲ್ಲಿ ತಯಾರಾಗಿದ್ದ ಸ್ಪೋರ್ಟ್ಸ್ ಕಾರು. ಮೈ ಕೆಂಪು, ಟಪ್ಪು ಕಪ್ಪು. ಆದ್ದರಿಂದ ಅವನು ಅದಕ್ಕೆ ಗುಲಗಂಜಿ ಎಂದು ಹೆಸರಿಟ್ಟಿದ್ದ. ಹೆಂಡತಿ ಪುಷ್ಪಾವತಿ ಅದನ್ನು ಬಾಣಂತಿ ಎನ್ನುತ್ತಿದ್ದಳು. ಮೂರು ವರ್ಷ ಗಾಳಿ ಸೋಕದಂತೆ ಹೊದಿಸಿ, ಎಣ್ಣೆ ಸವರಿ, ತುರ್ಭೆಯ ಆಫೀಸಿನಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ಅದರ ಮೈ ಮುಟ್ಟಿ ನೋಡುವ ಗಂಡನನ್ನು ಕಂಡು ಆಕೆ ಇನ್ನೇನು ಅನ್ನಬೇಕು?

"ನನ್ನ ಬಾಣಂತನದಾಗ ಇದರ ಅರ್ಧಾ ಮಾಡಿದ್ರ ನನ್ನ ನಡಾ ಇವತ್ತ ಹಿಂಗ ನೋಯ್ತಿರಲಿಲ್ಲ," ಎಂದು ಒಮ್ಮೆ ಹೇಳಿದ್ದಳು. ನಗುತ್ತಲೇ ಹೇಳಿದ್ದಳು. ಆ ನಗು ಅವನಿಗೆ ಎರಡು ದಿನ ಚುಚ್ಚಿತ್ತು.

ಈಗ ಬಾಣಂತಿಯ ಚಕ್ರಗಳು ಅರ್ಧ ಮುಳುಗಿದ್ದವು. ಗೇಟು ಹತ್ತು ಹೆಜ್ಜೆ ಆಚೆಗಿತ್ತು. ಗೇಟಿನ ಹೊರಗೆ, ಮೊಣಕಾಲೆತ್ತರದಲ್ಲಿ, ಹೊಚ್ಚ ಹೊಸ ಕಾಂಕ್ರೀಟ್ ರಸ್ತೆ.

ಆ ರಸ್ತೆಯನ್ನು ತರಿಸಿದವನು ಅವನೇ. ಪುಂಡರೀಕಾಕ್ಷನಿಗೆ ಕಾಲೇಜಿನಿಂದಲೂ ಬೇರೆಯವರ ದನಿ ಮಾಡುವ ಚಟ. ಡೊಂಬಿವಲಿ ಪ್ಲಾಟ್‌ಫಾರ್ಮಿನ ಅನೌನ್ಸರ್ ಬಾಯಿ ಅವನ ಗಂಟಲಿನಲ್ಲಿತ್ತು, ಸೊಸೈಟಿಯ ಸೆಕ್ರೆಟರಿ ಅಪ್ಪಾಸಾಹೇಬರ ಕೆಮ್ಮು ಅವನ ಎದೆಯಲ್ಲಿತ್ತು. ಓಣಿಯ ಹೊಂಡಗಳಲ್ಲಿ ತನ್ನ ಗಿಡ್ಡ ಕಾರು ಹೊಟ್ಟೆ ಹರಿದುಕೊಂಡೀತೆಂದು ಹೆದರಿ, ಏಪ್ರಿಲ್‌ನಲ್ಲಿ ಒಂದು ದಿನ ಕಾರ್ಪೊರೇಟರರ ಪಿ.ಎ. ದನಿಯಲ್ಲಿ ವಾರ್ಡ್ ಆಫೀಸಿಗೆ ಫೋನು ಮಾಡಿ, ತಂಬಾಕು ತುಂಬಿದ ಬಾಯಿಯ ಮರಾಠಿಯಲ್ಲಿ ಗದರಿಸಿದ್ದ. ತಮಾಷೆಗೆ ಶುರುಮಾಡಿದ್ದು. ಆದರೆ ಮುಂದಿನ ವಾರವೇ ಗುತ್ತಿಗೆದಾರನ ಮಿಕ್ಸರ್ ಬಂದು ಓಣಿಯಲ್ಲಿ ನಿಂತಿತು. ಗುತ್ತಿಗೆದಾರ ಹಳೇ ರಸ್ತೆಯನ್ನು ಕೆರೆಯಲಿಲ್ಲ. ಅದರ ಮೇಲೆಯೇ ಹೊಸದನ್ನು ಸುರಿದ. ಮೇ ಕೊನೆಗೆ ಕಾಂಕ್ರೀಟಿಗೆ ಹೊದಿಸಿದ್ದ ಒದ್ದೆ ಗೋಣಿಚೀಲಗಳನ್ನು ತೆಗೆದಾಗ ರಸ್ತೆ ಮೇಲೆ, ಸೊಸೈಟಿ ಕೆಳಗೆ. ಅಂಗಳ ಒಂದು ಹೊಂಡವಾಗಿಬಿಟ್ಟಿತ್ತು. ಓಣಿಯ ಹೊಂಡಗಳನ್ನೆಲ್ಲ ಒಟ್ಟು ಮಾಡಿ ತನಗೊಬ್ಬನಿಗೇ ಕೊಟ್ಟಂತೆ ಅವನಿಗೆ ಕಂಡಿತು.

ಸ್ಕೂಟರುಗಳಿಗಾಗಿ ಗೇಟಿನಲ್ಲಿ ಸಿಮೆಂಟಿನ ಇಳಿಜಾರು ಹಾಕಿದರು. ಸ್ಕೂಟರುಗಳು ಹತ್ತಿದವು. ಗುಲಗಂಜಿ ಹಿಮ್ಮುಖವಾಗಿ ಹತ್ತಲು ಹೋಗಿ, ಸೈಲೆನ್ಸರ್ ಕಚ್ಚಿಕೊಂಡು, ಹಿಂದಿನ ಚಕ್ರ ಗಾಳಿಯಲ್ಲಿ, ಮುಂದಿನ ಚಕ್ರ ಅಂಗಳದಲ್ಲಿ, ತೊಟ್ಟಿಲಿನಂತೆ ತೂಗುತ್ತ ಅರ್ಧ ದಿನ ನಿಂತಿತು. ಯಾರ ಗಾಡಿಯೂ ಒಳಗೆ ಬರುವಂತಿಲ್ಲ, ಹೊರಗೆ ಹೋಗುವಂತಿಲ್ಲ. ಅಪ್ಪಾಸಾಹೇಬರು ಅವನ ಹೆಸರನ್ನು ಮರಾಠಿ ಮಾಡಿಕೊಂಡು ಮೇಲಿನಿಂದ ಕೂಗಿದರು: "ಓ ಪುಂಡಲೀಕರಾವ್! ಇದ ಪಾರ್ಕಿಂಗ್ ಅದನೋ ಸರ್ಕಸ್ ಅದನೋ?" ಟೋಯಿಂಗಿನವನು ಬಂದು ನೋಡಿದ, ಮೇಲೆ ಜೋತುಬಿದ್ದ ಕರೆಂಟಿನ ತಂತಿ ನೋಡಿದ, ಚಹಾ ಕುಡಿದು ಹೋದ. ಕೊನೆಗೆ ಎಲ್ಲರೂ ಸೇರಿ ಕಾರನ್ನು ಮತ್ತೆ ಅಂಗಳಕ್ಕೇ ಇಳಿಸಿದರು.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಪುಷ್ಪಾವತಿ ಶಾಂತವಾಗಿ ಹೇಳಿದಳು: "ಮಳೀ ಹಿಡಿಯೂದರೊಳಗ ಇದು ಹೊರಗ ಹೋಗಬೇಕು. ನೀರಾಗ ಮುಳುಗಿದ್ರ ಮತ್ತ ಬಿಚ್ಚಿ ಕೂಡೂ ಮಾತಿಲ್ಲ. ಕಲ್ಯಾಣದ ಭಂಗಾರ್‌ವಾಲಾನ್ನ ನಾನ ಕರೀತೀನಿ."

ಗುಜರಿಗೆ ಹಾಕುವ ಮಾತಿಗೆ ಅವನು ಹೂಂ ಅಂದ. ಅನ್ನದೆ ಗತಿಯಿರಲಿಲ್ಲ. ಮತ್ತೊಮ್ಮೆ ಬಿಚ್ಚುವ ತಾಕತ್ತು ಅವನಲ್ಲೇ ಉಳಿದಿರಲಿಲ್ಲ.

ಕಾರು ಸಿಕ್ಕಿದ್ದೂ ಕಲ್ಯಾಣದಲ್ಲೇ, ಒಂದು ಗೋದಾಮಿನ ಹಿಂದೆ. ಡ್ರೈವರ್ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕುಳಿತಿತ್ತು. ತುರ್ಭೆಯಲ್ಲಿ ಗಾಡಿಗಳ ತಗ್ಗು ತೆಗೆಯುವ ಡೆಂಟರ್, ಬಾಗಿ ಎಂಬ ಕಲಬುರಗಿ ಕಡೆಯವನು, ಅದನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದ. ಅಲ್ಲಿಂದ ಮುಂದೆ ಮನೆಯೇ ಗ್ಯಾರೇಜಾಯಿತು. ಮುಂದಿನ ಗಾಜು ಮಂಚದ ಪೆಟ್ಟಿಗೆಯಲ್ಲಿ. ಗೇರ್‌ಬಾಕ್ಸ್ ದೇವರ ಕಪಾಟಿನ ಕೆಳಗೆ, ಆಯುಧ ಪೂಜೆಯಲ್ಲಿ ಅದಕ್ಕೂ ಕುಂಕುಮ. ಹೊಸ ಸೋಫಾ ಬರಲಿಲ್ಲ. ಮಗಳು ಪ್ರೇಕ್ಷಾಳ ಕಾಲೇಜಿನ ಟ್ರಿಪ್ಪಿಗೆ "ಮುಂದಿನ ವರ್ಷ ನೋಡೋಣ" ಎಂದದ್ದು ಎರಡು ಸಲ. ಪುಷ್ಪಾವತಿಯ ತಮ್ಮನ ಗೃಹಪ್ರವೇಶಕ್ಕೆ ಹೋಗಲಿಲ್ಲ, ಅಂದು ಕಾರಿಗೆ ಬಣ್ಣ ಹೊಡೆಯುವುದಿತ್ತು. ತಮ್ಮ ಈಗಲೂ ಮಾತಾಡುವುದಿಲ್ಲ. ಇವನ ಎಡಗೈ ಹೆಬ್ಬೆರಳಿನ ಉಗುರು ಹೋಯಿತು, ತಲೆಯಲ್ಲಿ ಉಳಿದಿದ್ದ ನಾಲ್ಕು ಕೂದಲೂ ಹೋದವು. ಟಪ್ಪು ತೆಗೆದು ಕೂದಲು ಹಾರಿಸುತ್ತ ಓಡಿಸಬೇಕೆಂಬುದು ಅವನ ಕಾಲೇಜು ದಿನದ ಆಸೆ. ಈಗ ಟಪ್ಪು ಮಾತ್ರ ತೆಗೆಯಬಹುದಿತ್ತು.

ರಬ್ಬರಿನ ಹುಚ್ಚು ಬೇರೆ. ಒಂದು ಇರುವೆಯೂ ಒಳಗೆ ಬರಬಾರದು ಎಂದು ಬಾಗಿಲಿನ ಬೀಡಿಂಗು, ನೆಲದ ತೂತುಗಳ ಬಿರಡೆ, ತಂತಿ ಹಾಯುವ ಸಂದುಗಳೆಲ್ಲವನ್ನೂ ತಾನೇ ಕೂತು ಮುಚ್ಚಿದ್ದ. "ಸಾಹೇಬ್ರ, ಇದಕ್ ಉಸುರು ಕಟ್ತದ್ರಿ," ಎಂದು ಬಾಗಿ ನಕ್ಕಿದ್ದ.

ಆದರೂ ಮೇ ತಿಂಗಳ ಆ ಬೆಳಿಗ್ಗೆ! ಎಂಜಿನ್ ಎರಡು ಸಲ ಕ್ಯಾಕರಿಸಿ, ಮೂರನೆಯ ಸಲಕ್ಕೆ ಹಿಡಿಯಿತು. ಪುಂಡರೀಕಾಕ್ಷ ಸೀಟಿನಿಂದ ಹಾರಿ ಇಳಿದ. ಒಳಗೋಡಿ, ಚಪಾತಿ ಲಟ್ಟಿಸುತ್ತಿದ್ದ ಹೆಂಡತಿಗೆ ಆ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದ. ಆಕೆ ಕಿವಿಗೊಟ್ಟು ಕೇಳಿ, "ಕುಕ್ಕರ್ ಶೀಟಿ ಹಾಕೂದಕ್ಕಿಂತ ಮೊದಲ ಹಿಂಗ ಅಂತದ," ಅಂದಳು. ಅವನಿಗೆ ಅದೂ ಹೊಗಳಿಕೆಯಾಗಿಯೇ ಕೇಳಿಸಿತು.

ಬಾಗಿಯ ಉಪಾಯ ಸರಳವಾಗಿತ್ತು. ಫೈಬರ್ ಮೈ, ಹಗುರ. ಭಾನುವಾರ ತುರ್ಭೆಯ ತರಕಾರಿ ಮಾರ್ಕೆಟಿಗೆ ರಜೆ. ಎಂಟು ಜನ ಹಮಾಲರನ್ನು ಕರೆತಂದು ಪಲ್ಲಕ್ಕಿಯಂತೆ ಎತ್ತಿ ರಸ್ತೆಗಿಡುವುದು. ಮಳೆ ಒಂದು ದಿನ ತಡೆದಿದ್ದರೆ ಸಾಕಿತ್ತು. ಕಾರಿಗೆ ಕಾಲ ಕೂಡಿ ಬಂತೆನ್ನುವಷ್ಟರಲ್ಲಿ ಬಂದದ್ದು ಕಾರ್ಗಾಲ.

ಶನಿವಾರ ಬೆಳಿಗ್ಗೆಯೇ ಆಕಾಶ ಕಿತ್ತುಕೊಂಡು ಬಿತ್ತು. ಪುಂಡರೀಕಾಕ್ಷ ಮೊದಲು ಬ್ಯಾಟರಿ ಬಿಚ್ಚಿ ಒಳಗಿಟ್ಟ. ಎಂಜಿನ್ ಗಾಳಿ ಎಳೆಯುವ ಬಾಯಿಗೆ ಪ್ಲಾಸ್ಟಿಕ್ ಚೀಲ ಬಿಗಿದ. ಆಮೇಲೆ ಬಾಗಿಗೆ ಫೋನು ಹಚ್ಚಿದ.

"ಎಲ್ಲಿದ್ದಿಯೋ ಬಾಗಿ? ಇವತ್ತ ಬಾರೋ. ನಾಳೆ ತನಕ ಉಳಿಯಂಗಿಲ್ಲ ಇದು!"

"ತುರ್ಭೇದಾಗೇ ಅದೀನ್ರಿ ಸಾಹೇಬ್ರ. ಹಮಾಲ್ ಮಂದೀನೂ ನನ್ ಬಾಜೂಕೇ ಕುಂತಾರ. ಏನ್ ಮಾಡ್ಲಿ, ಲೋಕಲ್ ಗಾಡಿ ಥಾಣೆ ಮುಂದ್ ಹೋಗ್ಲತ್ತಿಲ್ಲಂತ. ಇಲ್ಲಿ ರೋಡಿನ್ ಮ್ಯಾಲ್ ಟಮಾಟಿ ತೇಲ್ಲತ್ತಾವ್ರಿ."

"ರಿಕ್ಷಾ ಮಾಡ್ಕೊಂಡರ ಬಾರೋ!"

"ರಿಕ್ಷಾನೂ ತೇಲ್ಲತ್ತಾವ್ರಿ."

ಫೋನು ಕಿಸೆಗೆ ಹಾಕಿ ಅವನು ಸುತ್ತ ನೋಡಿದ. ರಸ್ತೆ ಏರಿದ ಮೇಲೆ ಸೊಸೈಟಿಯವರು ತಂದಿದ್ದ ಪಂಪು ಗೊರಗೊರ ಎನ್ನುತ್ತ ನೀರನ್ನು ರಸ್ತೆಯಾಚೆಯ ಮೋರಿಗೆ ಎಸೆಯುತ್ತಿತ್ತು. ನೆಲಮಹಡಿಯಲ್ಲಿ ಇದ್ದದ್ದು ಇವರದೊಂದೇ ಮನೆ. ಪಂಪಿನ ಸ್ವಿಚ್ಚು ಅದರ ಬಾಗಿಲಿನ ಪಕ್ಕದ ಗೋಡೆಯಲ್ಲಿ. ಪಂಪು ಮನೆಯನ್ನು ಕಾಯುತ್ತಿತ್ತು: ನೀರು ಹೊಸ್ತಿಲಿಗಿಂತ ಎರಡು ಬೆರಳು ಕೆಳಗೆ ಬಂದು ಅಲ್ಲೇ ನಿಂತಿತ್ತು. ಕಾರು ಹೊಸ್ತಿಲಿಗಿಂತ ಎಷ್ಟೋ ಕೆಳಗಿತ್ತು. ಅದನ್ನು ಕಾಯುವವರು ಯಾರೂ ಇರಲಿಲ್ಲ.

ಪುಂಡರೀಕಾಕ್ಷ ಬಕೆಟ್ಟಿನಿಂದ ನೀರು ಎತ್ತಿ ಗೇಟಿನಾಚೆ ಎಸೆಯತೊಡಗಿದ. ರಸ್ತೆಯ ನೀರು ಅದೇ ಗೇಟಿನಿಂದ ಒಳಗಿಳಿದು ಬರುತ್ತಿತ್ತು. ಅವನಿಗೆ ಅದು ಕಾಣುತ್ತಿತ್ತು. ಆದರೂ ಎಸೆಯುತ್ತಿದ್ದ. ನಿಂತರೆ ಅಳು ಬರುತ್ತದೆಂದು ಎಸೆಯುತ್ತಿದ್ದ.

ಕಿಟಕಿಯಿಂದ ಪ್ರೇಕ್ಷಾ ಕೂಗಿದಳು: "ಪಪ್ಪಾ! ಗಾಡಿ ಹಿಲ್ ರಹೀ ಹೈ!"

"ಏನಂದಿ?"

"ಪೀಛೇ ಸೇ! ದೇಖೋ ನಾ!"

ತಿರುಗಿ ನೋಡಿದ. ಗುಲಗಂಜಿಯ ಹಿಂಭಾಗ, ಗೇಟಿನ ಕಡೆಗಿದ್ದ ತುದಿ, ಮೆಲ್ಲಗೆ ಮೇಲೆದ್ದು ಕೆಳಗಿಳಿಯಿತು. ಮತ್ತೆ ಎದ್ದಿತು. ಅವನು ಬಕೆಟ್ಟು ಬಿಟ್ಟು ಓಡಿ ಬಂಪರಿನ ಕೆಳಗೆ ಕೈ ಕೊಟ್ಟ. ಮೊನ್ನೆ ಆರು ಜನ ಸೇರಿ ಮೇಲೆತ್ತಲಾಗದ ತೂಕ ಇಂದು ಅವನ ಅಂಗೈಯಲ್ಲಿ ನೀರಿನ ಕೊಡದಷ್ಟು ಹಗುರವಾಗಿತ್ತು. ರಬ್ಬರು ಹಚ್ಚಿ ಹಚ್ಚಿ ಮೂರು ವರ್ಷ ಅವನು ಕಾರು ಕಟ್ಟಿರಲಿಲ್ಲ, ದೋಣಿ ಕಟ್ಟಿದ್ದ.

ಎಂಜಿನ್ನಿನ ಭಾರಕ್ಕೆ ಮುಂಭಾಗ ಇನ್ನೂ ನೆಲದಲ್ಲೇ ಇತ್ತು. ಹಿಂಭಾಗವೂ ರಸ್ತೆಯ ಅಂಚಿಗಿಂತ ತಗ್ಗಿನಲ್ಲಿತ್ತು. ಇನ್ನೊಂದಿಷ್ಟು ನೀರು ಬೇಕು. ಮೂತಿ ಹಗುರಾದರೆ, ಮುಂದಿನ ಚಕ್ರಗಳು ಆ ಸಿಮೆಂಟಿನ ಇಳಿಜಾರು ಹಿಡಿದರೆ, ನಾಲ್ಕು ಜನ ಸಾಕು. ಆದರೆ ಪಂಪು ನೀರನ್ನು ಏರಗೊಡುತ್ತಿರಲಿಲ್ಲ.

ಅವನು ಪಂಪನ್ನು ನೋಡಿದ. ಆಮೇಲೆ ಹೊಸ್ತಿಲನ್ನು. ಹೊಸ್ತಿಲಿನ ಮೇಲೆ ಪುಷ್ಪಾವತಿ ಪೊರಕೆ ಹಿಡಿದು ನಿಂತಿದ್ದಳು. ಊರಿನ ಎಲ್ಲರ ದನಿಯಲ್ಲೂ ಮಾತಾಡಬಲ್ಲವನಿಗೆ ತನ್ನ ದನಿಯಲ್ಲಿ ಒಂದು ಮಾತೂ ಹೊರಡಲಿಲ್ಲ.

"ಏನು?" ಅಂದಳು ಆಕೆ.

"ಏನಿಲ್ಲ."

"ಪಂಪ್ ನೋಡ್ಲಿಕ್ಕತ್ತೀರಿ."

"ಇಲ್ಲ. ಬಿಡು."

"ಎಷ್ಟು ಬೇಕು ಇನ್ನ?"

ಅವನು ನಾಲ್ಕು ಬೆರಳು ತೋರಿಸಿದ.

"ಖರೆ ಹೇಳ್ರಿ."

ಬೆರಳುಗಳನ್ನು ಪೂರ್ತಿ ಅಗಲಿಸಿದ. ಒಂದು ಗೇಣು.

ಪುಷ್ಪಾವತಿ ಪೊರಕೆ ಅಲ್ಲೇ ಬಿಟ್ಟು ಒಳಗೆ ಹೋದಳು. ಸಿಟ್ಟಿಗೆದ್ದಳು ಎಂದುಕೊಂಡು ಅವನು ಮತ್ತೆ ಬಕೆಟ್ಟು ಹುಡುಕಿದ, ಅದು ತೇಲಿಹೋಗಿತ್ತು. ಒಳಗಿನಿಂದ ಏನೇನೋ ಎಳೆಯುವ ಸದ್ದು ಕೇಳಿಸಿತು. ಕಿಟಕಿಯಲ್ಲಿ ನೋಡಿದರೆ ತಾಯಿ ಮಗಳು ಗಾದಿಗಳನ್ನು ಕಪಾಟಿನ ಮೇಲೆ ಏರಿಸುತ್ತಿದ್ದರು. ಜೋಳದ ಹಿಟ್ಟಿನ ಡಬ್ಬಿ ಅಡುಗೆ ಕಟ್ಟೆಗೆ ಏರಿತು. ದೇವರ ಕಪಾಟು ಮಂಚದ ಮೇಲೆ ಬಂತು. ಫ್ರಿಜ್ ಎತ್ತಲು ಇಬ್ಬರಿಂದಲೂ ಆಗಲಿಲ್ಲ. ಪುಷ್ಪಾವತಿ ಅದರ ಪ್ಲಗ್ಗು ಕಿತ್ತು, ಒಂದು ಕ್ಷಣ ಅದರ ಮೈಮೇಲೆ ಕೈಯಿಟ್ಟು ನಿಂತು, ಬಿಟ್ಟು ಬಂದಳು.

ಗೊರಗೊರ ನಿಂತಿತು. ಮಳೆಯ ಸದ್ದು ಒಂದೇ ಉಳಿಯಿತು.

"ಏ, ಏನ್ ಮಾಡ್ದಿ? ಮನಿ..."

"ಮನಿ ಒಣಗತದ. ಇದನ್ನ ಭಂಗಾರಕ್ಕ ಹಾಕಿದ್ರ ನೀವು ಮೂರು ವರ್ಷ ಮಾರಿ ಸಪ್ಪಗ ಮಾಡ್ಕೊಂಡು ಕೂಡ್ತೀರಿ. ಅದನ್ನ ಒಣಗಸೋರು ಯಾರು? ನಾ ಹಾಸಿಗಿ ಎತ್ತೇನಿ, ನೀವು ನಿಮ್ಮ ಬಾಣಂತೀನ್ನ ಎತ್ರಿ."

ನೀರು ನೋಡುನೋಡುತ್ತಲೇ ಹೊಸ್ತಿಲು ದಾಟಿತು. ಮೊದಲು ರಂಗೋಲಿಯ ಸ್ಟಿಕರ್ ಮುಳುಗಿತು, ಆಮೇಲೆ ಒಳಗಿನಿಂದ ಒಂದು ಚಪ್ಪಲಿ ಹೊರಗೆ ತೇಲಿಬಂತು. ಅಪ್ಪಾಸಾಹೇಬರು ಛತ್ರಿ ಹಿಡಿದು ಮೆಟ್ಟಿಲಿಳಿದು ಬಂದರು. "ಪಂಪ್ ಯಾಂವ ಬಂದ್ ಮಾಡಿದಾ? ಕಮಿಟಿ ಠರಾವ್ ಇಲ್ಲದ ಸ್ವಿಚ್ ಮುಟ್ಟೂದು ಅಂದ್ರ..."

"ನನ್ನ ಮನಿ ಮುಳುಗಸ್ಲಿಕ್ಕೆ ನಿಮ್ಮ ಠರಾವ್ ಬೇಕೇನ್ರಿ ಅಪ್ಪಾಸಾಹೇಬ?" ಎಂದಳು ಪುಷ್ಪಾವತಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸುತ್ತ. "ಛತ್ರಿ ಅತ್ಲಾಗ ಇಡ್ರಿ. ಲುಂಗಿ ಎತ್ತಿ ಕಟ್ರಿ. ಈ ಕಡೆ ಹಿಡೀರಿ."

ಅಪ್ಪಾಸಾಹೇಬರು ಕೆಮ್ಮಿದರು. ಆಮೇಲೆ ಲುಂಗಿ ಎತ್ತಿ ಕಟ್ಟಿದರು. ಮೇಲಿನ ಮನೆಗಳಿಂದ ಇನ್ನೂ ಇಬ್ಬರು ಇಳಿದು ಬಂದರು. ಮೂತಿಯೂ ಈಗ ತೊನೆಯುತ್ತಿತ್ತು. ಪುಂಡರೀಕಾಕ್ಷ ಬಾಗಿಲು ತೆಗೆಯದೆ, ಟಪ್ಪಿನ ಅಂಚೆತ್ತಿ ಒಳಗೆ ಕೈ ಹಾಕಿ ಹ್ಯಾಂಡ್‌ಬ್ರೇಕ್ ಬಿಟ್ಟು ಬಂದು ಮೂತಿಗೆ ಹೆಗಲು ಕೊಟ್ಟ. ಗೇಟಿನ ತನಕ ತೇಲಿಸಿಕೊಂಡು ಹೋಗಿ, ಉಳಿದವರು ಹಿಂಭಾಗವನ್ನು ಎತ್ತಿ ರಸ್ತೆಯ ಅಂಚಿನ ಮೇಲಿಟ್ಟರು. ಹಿಂದಿನ ಚಕ್ರಗಳು ಕಾಂಕ್ರೀಟು ಹಿಡಿದವು. ಮಧ್ಯದಲ್ಲಿ ಹೊಟ್ಟೆ ತಾಗಿತು. ಕೆಳಗಿನಿಂದ ಕರ್‌ರ್ ಎಂಬ ಸದ್ದು. ಸೈಲೆನ್ಸರ್ ಅರ್ಧಕ್ಕೆ ಹರಿಯಿತೆಂದು ಅವನಿಗೆ ಹಲ್ಲಿನಲ್ಲೇ ಗೊತ್ತಾಯಿತು.

"ಥಾಂಬಾ ಥಾಂಬಾ!" ಎಂದರು ಅಪ್ಪಾಸಾಹೇಬರು.

"ನಿಂದರಬ್ಯಾಡ್ರಿ! ಹರೀಲಿ! ದೂಡ್ರಿ!" ಎಂದ ಪುಂಡರೀಕಾಕ್ಷ. ಅದು ಯಾರ ಅನುಕರಣೆಯೂ ಆಗಿರಲಿಲ್ಲ. ಗಂಟಲು ಹರಿದು ಬಂದ ಅವನದೇ ಕೂಗು.

ಮುಂದಿನ ಚಕ್ರಗಳು ನೀರಿನೊಳಗೆ ಇಳಿಜಾರನ್ನು ಕಂಡುಕೊಂಡವು. ಪುಷ್ಪಾವತಿಯೂ ಬಂದು ಅವನ ಪಕ್ಕದಲ್ಲಿ ಬಾನೆಟ್ಟಿಗೆ ಬೆನ್ನು ಕೊಟ್ಟಳು, ನೋವಿರುವ ಅದೇ ನಡುವನ್ನು. ಗುಲಗಂಜಿ ಒಮ್ಮೆ ಮುಗ್ಗರಿಸಿ, ಉಕ್ಕಿದ ಹಾಲಿನಂತೆ ಅಂಚು ದಾಟಿ ರಸ್ತೆಗೆ ಬಂದು ನಿಂತಿತು.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಎಲ್ಲರಿಗೂ ಏದುಸಿರು.

ಪುಂಡರೀಕಾಕ್ಷ ಹೆದರುತ್ತಲೇ ಬಾಗಿಲು ತೆಗೆದ. ಮ್ಯಾಟು ಮುಟ್ಟಿ ನೋಡಿದ. ಒಂದು ಮೂಲೆಯಲ್ಲಿ ಲೋಟದಷ್ಟು ನೀರು, ಅಷ್ಟೇ. ಸೀಟುಗಳು ಒದ್ದೆಯಾಗಿರಲಿಲ್ಲ. ಎಂಜಿನ್ನಿನೊಳಗೆ ಏನಾಗಿದೆಯೋ ಎಣ್ಣೆ ಇಳಿಸಿ ನೋಡಿದ ಮೇಲೆಯೇ ಗೊತ್ತು. ಸೈಲೆನ್ಸರ್ ಹೋಯಿತು. ಮನೆಯೊಳಗೆ ಗೇಣುದ್ದ ನೀರು. ಆದರೂ ಅವನ ಬೆರಳುಗಳು ಆ ಒಣ ಸೀಟಿನ ಹೊಲಿಗೆಯ ಮೇಲೆ ಹೋದವು, ಬಂದವು.

"ಅತ್ಲಾಗ ಸರೀರಿ," ಎಂದಳು ಪುಷ್ಪಾವತಿ. "ಕೂಡ್ಲಿಕ್ಕೆ ಒಣಾ ಜಾಗಾ ಅಂತ ಇದೊಂದ ಉಳದದ."

ಆಕೆ ಒಂದು ಸೀಟಿನಲ್ಲಿ ಕುಳಿತಳು. ಇನ್ನೊಂದರಲ್ಲಿ ಪ್ರೇಕ್ಷಾ ಕಾಲೇಜಿನ ಬ್ಯಾಗು ಅಪ್ಪಿಕೊಂಡು ಕುಳಿತಳು. ಬಾಗಿಲುಗಳು ಮುಚ್ಚಿಕೊಂಡವು. ಮೂರನೆಯ ಸೀಟಿಲ್ಲದ ಕಾರು ಅದು. ಮಾಲೀಕ ಹೊರಗೆ ಮಳೆಯಲ್ಲಿ ನಿಂತ.

ಗಾಜಿನೊಳಗೆ ಹೆಂಡತಿ ಅದೂ ಇದೂ ಮುಟ್ಟಿ ನೋಡುವುದು ಕಾಣುತ್ತಿತ್ತು. ಡ್ಯಾಶ್‌ಬೋರ್ಡು ಸವರಿದಳು. ಕನ್ನಡಿ ತಿರುಗಿಸಿ ತನ್ನ ಒದ್ದೆ ಕೂದಲು ಸರಿಮಾಡಿಕೊಂಡಳು. ಮಗಳಿಗೆ ಏನೋ ಹೇಳಿದಳು, ಮಗಳು ನಕ್ಕಳು. ಆಮೇಲೆ ಹಿಡಿ ತಿರುಗಿಸಿದಳು; ಗಾಜು ಎಲ್ಲೂ ತಡೆಯದೆ, ಸದ್ದಿಲ್ಲದೆ, ಒಂದು ಗೇಣು ಕೆಳಗಿಳಿಯಿತು.

"ನಿಂತು ಏನ್ ನೋಡ್ತೀರಿ? ಹೋಗಿ ಪಂಪ್ ಹಚ್ರಿ."

ಗಾಜು ಅಷ್ಟೇ ಮೆತ್ತಗೆ ಮೇಲೇರಿತು. ಪುಂಡರೀಕಾಕ್ಷ ಗೇಟಿನ ಕಡೆಗೆ ನಡೆದು, ನೀರಿಗಿಳಿದ.