ಮೂರು ಗೆರೆ, ಒಂದು ಚುಕ್ಕೆ

ಡಾಕ್ಟರ್ ಚಂದ್ರಪ್ರಭ ಇರುವೆ ಸಾಲು ಕಂಡರೂ ದಾಟಿಕೊಂಡು ಹೋಗುವ ಜೈನರು. ಹೊತ್ತು ಮುಳುಗಿದ ಮೇಲೆ ಒಂದಗುಳೂ ಮುಟ್ಟುತ್ತಿರಲಿಲ್ಲ. ಅಂಥವರು ಕಲಿತು ಬಂದದ್ದು ಮಾತ್ರ ಚೂರಿಯ ಕೆಲಸ. ‘ಇರುವೆಗೆ ಕರುಣೆ, ನಮಗೆ ಕತ್ತಿ’ ಎಂದು ಸಾಗರದ ಪೇಟೆಯಲ್ಲಿ ಜನ ಅವರನ್ನು ಆಡಿಕೊಳ್ಳುತ್ತಿದ್ದರು. ಎರಡು ಕೋಣೆಯ ಆಸ್ಪತ್ರೆ ಇಟ್ಟುಕೊಂಡು ಅವರು ನೋಡುತ್ತಿದ್ದದ್ದು ಚರ್ಮದ ಹುಣ್ಣುಗಳನ್ನೇ, ಅದರಲ್ಲೂ ಮಾಯದೆ ಅಣಬೆಯಂತೆ ಅಂಚು ಅರಳುವ ಕ್ಯಾನ್ಸರ್ ಹುಣ್ಣುಗಳನ್ನು. ನಾನು ಹೂವಪ್ಪ, ಅವರ ಬಳಿ ಹುಣ್ಣಿಗೆ ಪಟ್ಟಿ ಕಟ್ಟುವ ಡ್ರೆಸ್ಸರ್.

ಎರಡನೆಯ ಮಹಾಯುದ್ಧದ ಕಾಲ ಅದು. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು, ಮರಗಟ್ಟಿಸುವ ಮದ್ದಿಗೆ ಬರ. ಆದರೂ ಆ ಕೋಣೆಯ ಸ್ಪಿರಿಟ್ ವಾಸನೆ ನೆನಪಾದರೆ ಈಗಲೂ ನನಗೆ ಹುಟ್ಟಿದ ಮನೆಯ ಸುಖ. ಡಾಕ್ಟರು ಹುಣ್ಣಿನ ಸುತ್ತ ಬೆರಳಗಲ ಒಳ್ಳೆಯ ಚರ್ಮವನ್ನೂ ಸೇರಿಸಿ ಕೊಯ್ಯುತ್ತಿದ್ದರು. ಕೊಯ್ದ ತುಂಡಿನ ಮೇಲ್ತುದಿಗೆ ಕರಿ ದಾರದ ಒಂದು ಹೊಲಿಗೆ ಹಾಕುತ್ತಿದ್ದರು. ಆಮೇಲೆ ಸೂಕ್ಷ್ಮದರ್ಶಕದಲ್ಲಿ ಯಾವ ಅಂಚಿನಲ್ಲಿ ರೋಗ ಉಳಿದಿದೆ ಎಂದು ಕಂಡರೆ, ಆ ದಾರ ಹಿಡಿದು ಲೆಕ್ಕ ಹಾಕಿ ಅದೇ ಬದಿಗೆ ಮತ್ತೆ ಕತ್ತಿ. ಬಡವರ ಚರ್ಮ ಒಂದು ಎಳ್ಳಷ್ಟೂ ದಂಡ ಹೋಗಬಾರದು ಅನ್ನುತ್ತಿದ್ದರು.

ಅವರದೊಂದು ನೋಟ್ ಪುಸ್ತಕವಿತ್ತು. ಪ್ರತಿ ಹುಣ್ಣಿನ ಚಿತ್ರ, ಅದರ ಕೆಳಗೆ ಒಂದೇ ಪ್ರಶ್ನೆ: ಹುಣ್ಣು ಏಳುವ ಮೊದಲು ಆ ಜಾಗದಲ್ಲಿ ಏನಿತ್ತು? ಹುಣ್ಣೆಲ್ಲ ಮೊಣಕೈ ಕೆಳಗೇ ಏಳುವುದು ಯಾಕೆಂದು ಅವರಿಗೆ ತಲೆಬಿಸಿ. ಬಂದವರೆಲ್ಲ ‘ಎಂತದೂ ಇರ್ಲಿಲ್ಲ’ ಅನ್ನುತ್ತಿದ್ದರು. ನಾನು ‘ತಿಳಿಯದು’ ಎಂದು ಬರೆಯುತ್ತಿದ್ದೆ. ಹುಣ್ಣಿನ ಅಂಚಿನಲ್ಲಿ ಅಲ್ಲಲ್ಲಿ ಉಳಿದ ಸುಟ್ಟ ಕಲೆ ನೋಡಿ, ಒಲೆಯ ಝಳವೇ ಕಾರಣ ಇರಬೇಕೆಂದು ಡಾಕ್ಟರು ಒಂದು ವರ್ಷ ಟೇಪು ಹಿಡಿದು ಹೊಸನಗರದ ಕಡೆಯ ಅಡಿಗೆಮನೆಗಳನ್ನೆಲ್ಲ ಅಳೆದರು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಟೇಪಿನ ಇನ್ನೊಂದು ತುದಿ ಹಿಡಿದವನು ನಾನೇ.

ನನಗೆ ಕಾರಣ ಗೊತ್ತಿತ್ತು. ಅಲ್ಲಿದ್ದದ್ದು ಬರೆ. ಕಾಮಾಲೆ ಬಂದ ಮಕ್ಕಳ ಮೊಣಕೈ ಕೆಳಗೆ ಕಾಯಿಸಿದ ಕಬ್ಬಿಣದಿಂದ ಮೂರು ಗೆರೆ, ಮೇಲೊಂದು ಚುಕ್ಕೆ. ಆ ಗುರುತು ಅರಳಸುರಳಿಯ ಕೆರಿಯಮ್ಮನದು. ಕೆರಿಯಮ್ಮ ನನ್ನ ಅವ್ವ. ನನ್ನ ಎಡಗೈಯಲ್ಲೂ ಅದೇ ಇತ್ತು, ಅದಕ್ಕೇ ಸೆಕೆಯಲ್ಲೂ ನನಗೆ ತುಂಬುತೋಳಿನ ಅಂಗಿ. ಬರೆಯ ಮಾತನ್ನು ಬಾಯಿಬಿಡಬಾರದೆಂಬುದು ನಮ್ಮ ಕಡೆಯ ಕಟ್ಟು. ಹಾಕಿಸಿಕೊಂಡವನು ಹೇಳಿದರೆ ಇಳಿದ ರೋಗ ಅವನಿಗೇ ತಿರುಗುತ್ತದೆ. ಹಾಕಿದವಳು ಯಾರ ಹೆಸರು ಹೇಳುತ್ತಾಳೋ ಅವರ ರೋಗ ಇವಳ ಮೈಗೆ ಹತ್ತುತ್ತದೆ. ಅವ್ವ ಪ್ರತಿಫಲವೆಂದು ಒಂದು ವೀಳ್ಯದೆಲೆಗಿಂತ ಹೆಚ್ಚು ಮುಟ್ಟಿದವಳಲ್ಲ. ಅವಳನ್ನು ನಾನು ಯಾವ ಬಾಯಲ್ಲಿ ಒಪ್ಪಿಸಿಕೊಡಲಿ?

ಹಾಗೆ ಇರುವಾಗ ಹೊಸನಗರದ ಹತ್ತಿರದ ಕನ್ನಮ್ಮ ಗಾಡಿಯಲ್ಲಿ ಬಂದಳು. ನಲವತ್ತರ ಹೆಂಗಸು. ಕೈಯ ಹುಣ್ಣು ಎರಡು ಗೆರೆಗಳನ್ನು ನುಂಗಿತ್ತು. ಒಂದು ಗೆರೆ, ಚುಕ್ಕೆ ಉಳಿದಿದ್ದವು; ಡಾಕ್ಟರ ಕಣ್ಣಿಗೆ ಅವೂ ಒಲೆಯ ಸುಟ್ಟ ಕಲೆಗಳೇ. ಡಾಕ್ಟರು ಅವಳ ಕಂಕುಳು ಮುಟ್ಟಿ ನೋಡಿ ಕೈ ತೊಳೆದುಕೊಂಡರು. ರೋಗ ಆಗಲೇ ಅಲ್ಲಿಗೂ ಹರಡಿ ಗಡ್ಡೆ ಕಟ್ಟಿತ್ತು.

“ವರ್ಷದ ಹಿಂದೆ ಬಂದಿದ್ರೆ ಅರ್ಧ ಗಂಟೆ ಕೆಲಸ ಇದು” ಎಂದರು ನನಗೆ. “ಯಾರಿಗೆ ಹುಟ್ಟುತ್ತೆ ಅಂತ ಗೊತ್ತಾಗಿದ್ರೆ ನಾವೇ ಹುಡುಕ್ಕೊಂಡು ಹೋಗಬಹುದಿತ್ತು, ಹೂವಪ್ಪ.” ಕನ್ನಮ್ಮ ಬರುವ ಹಬ್ಬವನ್ನೂ ಕಾಣುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಮಾರನೆಯ ದಿನ ರಜೆ ಹಾಕಿ ಅರಳಸುರಳಿಗೆ ಹೋದೆ. ಅವ್ವ ತಟ್ಟೆ ಇಡುತ್ತಿದ್ದಳು. ನಾನು ಕೂರಲಿಲ್ಲ.

“ಕನ್ನಮ್ಮ ಉಳಿಯಲ್ಲ ಅವ್ವ. ಹುಣ್ಣು ನಿನ್ ಬರೆ ಮೇಲೇ ಎದ್ದಿದೆ.”

“ಏಳು ವರ್ಷದ ಮಗು ಅದು, ಅರಿಶಿನದ ಹಂಗೆ ಹಳದಿ ಆಗಿತ್ತು. ಬರೆ ಹಾಕ್ದೆ, ಬದುಕ್ತು. ಮೂರು ಹೆತ್ತಳು.”

“ಆಗ ಬದುಕಿದ್ಳು. ಈಗ ಸಾಯ್ತಾಳೆ. ಇಂಥವ್ರನ್ನ ವರ್ಷದಿಂದ ನೋಡ್ತಾ ಇದೀನಿ.”

“ಹಂಗಾರೆ ನಾನೇ ಕೊಂದೆ ಅಂತೀಯಾ?”

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಅವ್ವನಿಂದಲೇ ಬಂದದ್ದು. ಬಡಿಸಿದ ಅನ್ನ ಬಿಟ್ಟು ಹೊರಟುಬಂದೆ.

ಮೂರನೆಯ ದಿನ ಇದ್ದಿಲು ಬಸ್ಸಿನಿಂದ ಅವ್ವ ಸಾಗರದಲ್ಲಿ ಇಳಿದಳು. ಮುಖವೆಲ್ಲ ಮಸಿ. ನೇರ ಒಳಗೆ ಬಂದು ಬಟ್ಟೆಯಲ್ಲಿ ಸುತ್ತಿದ್ದ ಕಬ್ಬಿಣವನ್ನು ಡಾಕ್ಟರ ಮೇಜಿನ ಮೇಲಿಟ್ಟಳು.

“ನಾನು ಇವ್ನ ಅವ್ವ. ಕಾಮಾಲೆಗೆ ಬರೆ ಹಾಕೋಳು. ಇನ್ನು ಹಾಕಲ್ಲ. ಯಾರ್‍ಯಾರಿಗೆ ಹಾಕಿದೀನಿ ಅಂತ ಹೇಳ್ತೀನಿ, ಬರ್ಕಳಿ.”

ಡಾಕ್ಟರು ಕಬ್ಬಿಣ ನೋಡಿದರು, ಪುಸ್ತಕದ ಚಿತ್ರಗಳನ್ನು ನೋಡಿದರು, ಆಮೇಲೆ ನನ್ನನ್ನು. “ಒಂದು ವರ್ಷ ನನ್ನ ಕೈಲಿ ಒಲೆ ಅಳೆಸಿದೆಯಲ್ಲೋ” ಎಂದರು. ಬೈದಿದ್ದರೆ ವಾಸಿಯಿತ್ತು. ನಾನು ತಲೆ ತಗ್ಗಿಸಿ ಆ ಕಟ್ಟಿನ ವಿಷಯವನ್ನೂ ಹೇಳಿದೆ.

ಡಾಕ್ಟರು ಅವ್ವನ ಕಡೆ ತಿರುಗಿದರು. “ಹೆಸರು ಹೇಳಿದ್ರೆ ರೋಗ ಹತ್ತೋದಿಲ್ಲಮ್ಮ, ಹೆದರಬೇಡಿ.”

“ಅದು ನಿಮ್ ಶಾಸ್ತ್ರ. ನಂದು ನಂಗೆ ಗೊತ್ತು. ಬರ್ಕಳಿ ಅಂದೆ.”

ಅವಳು ಮೊದಲು ಹೇಳಿದ ಹೆಸರು ‘ಹೂವಪ್ಪ, ಎಡಗೈ.’ ನನ್ನ ಹೆಸರನ್ನು ನಾನೇ ಬರೆದೆ. ಅಲ್ಲಿಂದ ಹೊತ್ತು ಇಳಿಯುವವರೆಗೆ, ಊರು, ಮನೆ, ಯಾವ ಕೈ ಎಂದು ಅರವತ್ತೊಂದು ಹೆಸರು. ಒಂದೊಂದು ಹೆಸರಿಗೂ ಬಾವಿಗೆ ಇಳಿಯುವವಳಂತೆ ಉಸಿರು ಎಳೆದುಕೊಳ್ಳುತ್ತಿದ್ದಳು. ಹೊತ್ತು ಮುಳುಗಿತ್ತು, ಡಾಕ್ಟರು ಅಂದು ಉಪವಾಸ ಮಲಗಿದರು.

ಆ ಬೇಸಿಗೆಯೆಲ್ಲ ನಾವು ಮೂವರು ಅಲೆದೆವು, ಎಂಥ ಕಾಲ ಅದು! ಮುಂದೆ ಅವ್ವ, ಹಿಂದೆ ಸೈಕಲ್ ತಳ್ಳಿಕೊಂಡು ಡಾಕ್ಟರು, ಪೆಟ್ಟಿಗೆ ಹೊತ್ತು ನಾನು, ತೀರ್ಥಹಳ್ಳಿಯ ಕಡೆಯಿಂದ ಆಗುಂಬೆಯವರೆಗೆ. ‘ಕೈ ತೋರ್ಸು, ನಾನೇ ಹೇಳಿಯಾಯ್ತು, ನಿಂಗೆ ತಿರುಗಲ್ಲ’ ಎಂದು ಅವ್ವ ಗದರಿದರೆ ಮುಚ್ಚಿದ ತೋಳುಗಳು ತೆರೆಯುತ್ತಿದ್ದವು. ನಲವತ್ತನಾಲ್ಕು ಜನ ಸಿಕ್ಕರು. ಐವರಲ್ಲಿ ಹುಣ್ಣು ಇನ್ನೂ ಕಡಲೆಯಷ್ಟು. ಡಾಕ್ಟರು ಕೊಯ್ದು, ಕರಿ ದಾರ ಹಾಕಿ, ಐವರನ್ನೂ ಉಳಿಸಿದರು. ಅದಕ್ಕೆ ಮೊದಲೇ ಕನ್ನಮ್ಮ ಹೋಗಿದ್ದಳು.

ಅವ್ವ ಆಮೇಲೆ ಒಂಬತ್ತು ವರ್ಷ ಬದುಕಿದಳು. ಅಂದು ಬರೆಸಿದ ಹೆಸರು ಹಿಡಿದು, ಮಂಡಿ ನೋವು ಬಂದರೆ ‘ಇದು ಬೆಳ್ಳಪ್ಪಂದು’ ಅನ್ನುತ್ತಿದ್ದಳು, ಕೆಮ್ಮಿದರೆ ‘ಸುಬ್ಬರಾಯಂದು’. ನಾನು ನಗುತ್ತಿದ್ದೆ. ಒಮ್ಮೆ ಕೇಳಿದೆ: “ನೀನು ಹಾಕಿದ ಮೊದಲ್ನೇ ಬರೆ ನಂದಲ್ವಲ್ಲ. ನನ್ ಹೆಸ್ರು ಯಾಕೆ ಮೊದ್ಲು ಹೇಳ್ದೆ?”

ಅವ್ವ ನನ್ನ ತೋಳು ಮೇಲೆತ್ತಿ, ಮೂರು ಗೆರೆಯ ಮೇಲೆ ಬೆರಳಾಡಿಸಿದಳು.

“ಹೇಳ್ತಾ ಹೇಳ್ತಾ ಮಧ್ಯದಲ್ಲೇ ನಾನು ಸತ್ತುಬಿದ್ದಿದ್ರೆ, ನಿನ್ ರೋಗ ನಿನ್ನಲ್ಲೇ ಉಳ್ದು ಹೋಗ್ತಿತ್ತಲ್ಲೋ” ಎಂದಳು.