ಹೆರೋದನ ಸೈನಿಕರು

ಯಾಜೆಪ್ ದೂಬ್ನಿಕ್ ಆ ಸಲ ಕ್ರಿಸ್ಮಸ್ ತನಕ ಕಾಯಲಿಲ್ಲ. ಆಗಸ್ಟ್ ತಿಂಗಳ ಸುಡುಬಿಸಿಲಿನ ಒಂದು ಭಾನುವಾರ ಮಧ್ಯಾಹ್ನ, ಹ್ರೋದ್ನಾ ಊರಿನ ಒಂಬತ್ತಂತಸ್ತಿನ ಮನೆಗಳ ನಡುವಿನ ಅಂಗಳದಲ್ಲಿ ಕ್ರಿಸ್ಮಸ್‌ಗೆ ಆಡಿಸುವ ಬತ್ಲೇಕಾ ಗೊಂಬೆಯಾಟದ ತನ್ನ ಪೆಟ್ಟಿಗೆಯನ್ನು ಇಳಿಸಿದ. ಪೆಟ್ಟಿಗೆಗೆ ಎರಡು ಅಂತಸ್ತು. ಮೇಲಿನದರಲ್ಲಿ ದೇವದೂತರು, ಕೊಟ್ಟಿಗೆ, ಹಸುಗೂಸು. ಕೆಳಗಿನದರಲ್ಲಿ ಹೆರೋದ ರಾಜನ ಆಸ್ಥಾನ. ಕಡ್ಡಿ ಚುಚ್ಚಿದ ಮರದ ಗೊಂಬೆಗಳನ್ನು ಸೀಳುದಾರಿಯಲ್ಲಿ ಅತ್ತಿತ್ತ ಓಡಿಸುವುದು ಆಟ.

"ಬೇಸಿಗೇಲಿ ಎಂಥ ಕ್ರಿಸ್ಮಸ್ಸಪ್ಪಾ ಯಾಜೆಪ್?" ಎಂದು ಎರಡನೇ ಮಹಡಿಯ ಮುದುಕಿ ಕಿಟಕಿಯಿಂದಲೇ ಕೂಗಿದಳು.

"ಹೆರೋದ ಹಬ್ಬ ನೋಡ್ಕೊಂಡು ಬರಲ್ಲವಲ್ಲ ಅಜ್ಜಿ," ಎಂದ ಯಾಜೆಪ್.

ಚುನಾವಣೆ ಮುಗಿದು ಒಂದು ವಾರವಾಗಿತ್ತು. ಓಟು ಎಣಿಸಿದ ರೀತಿಯನ್ನು ಒಪ್ಪದೆ ಬೀದಿಗಿಳಿದವರನ್ನೆಲ್ಲ ಬಡಿದು ವ್ಯಾನಿಗೆ ತುಂಬಿದ್ದರು. ಆ ಅಂಗಳದಲ್ಲಿ ನೀಲಿಗಟ್ಟಿದ ಬೆನ್ನಿಲ್ಲದ ಮನೆಯೇ ಇರಲಿಲ್ಲ. ಹಾಗಾಗಿ ಹೆರೋದನ ಸೈನಿಕರು ಕರಿ ಮುಸುಕು ತೊಟ್ಟು, ಕರಿ ಲಾಠಿ ಹಿಡಿದು ಕೆಳ ಅಂತಸ್ತಿನಲ್ಲಿ ಸಾಲಾಗಿ ಬಂದಾಗ ಮೊದಲು ಯಾರೂ ಉಸಿರೆತ್ತಲಿಲ್ಲ. ಆಮೇಲೆ ಯಾರೋ "ಥೂ, ಇವ್ರೇ ಕಣ್ರೋ!" ಎಂದರು. ಇಡೀ ಅಂಗಳ ನಕ್ಕಿತು. ಒಂದು ವಾರದಿಂದ ಅಲ್ಲಿ ಯಾರೂ ನಕ್ಕಿರಲಿಲ್ಲ.

ಪೆಟ್ಟಿಗೆಯ ಹಿಂದೆ ಯಾಜೆಪ್ ಜೊತೆ ರಮಾನ್ ಇದ್ದ. ಇಪ್ಪತ್ತೆಂಟು ವರ್ಷದ ಬಡಗಿ, ಆರು ವರ್ಷದಿಂದ ಯಾಜೆಪ್‌ನ ಶಿಷ್ಯ. ಸೈನಿಕರನ್ನೂ ಮೃತ್ಯುವನ್ನೂ ಆಡಿಸುವುದು ಅವನ ಕೆಲಸ. ಹೆರೋದನಿಗೂ ಮಿಕ್ಕವರಿಗೂ ಯಾಜೆಪ್‌ನ ಕೈ, ಯಾಜೆಪ್‌ನ ಗಂಟಲು. ಹುಟ್ಟಿದ ಕೂಸುಗಳನ್ನೆಲ್ಲ ಕೊಲ್ಲಿ ಎಂದು ರಾಜನ ಅಪ್ಪಣೆಯಾಯಿತು. ತಾಯಿ ರಾಹೇಲಳು ಮಗುವನ್ನು ಅವಚಿಕೊಂಡು "ಕೊಡೋದಿಲ್ಲ" ಎಂದಳು. "ಕೊಡಬೇಡ!" ಎಂದು ಜನ ಕೂಗಿದರು. ಮೃತ್ಯು ಬಂದು ರಾಜನ ತಲೆ ಹಾರಿಸುವ ಘಟ್ಟ ಇನ್ನೂ ಬಾಕಿಯಿತ್ತು. ಅಷ್ಟರಲ್ಲಿ ಅಂಗಳದ ಎರಡೂ ಬಾಯಿಗೆ ನಂಬರು ಪ್ಲೇಟಿಲ್ಲದ ವ್ಯಾನುಗಳು ಬಂದು ನಿಂತವು.

ಇಳಿದವರೂ ಕರಿ ಮುಸುಕಿನವರೇ. ಮೊದಲನೆಯವನ ಬೂಟು ಪೆಟ್ಟಿಗೆಯ ಮೇಲೆ ಬಿತ್ತು. ಲಿಂಡೆನ್ ಮರದ ಹಲಗೆಗಳು ಎಲುಬು ಮುರಿದ ಹಾಗೆ ಲಟಲಟನೆ ಮುರಿದವು. ರಮಾನ್‌ನನ್ನು ಜುಟ್ಟು ಹಿಡಿದು ಎಳೆದರು. ಅಡ್ಡ ಹೋದ ಯಾಜೆಪ್‌ನ ಹುಬ್ಬಿನ ಮೇಲೆ ಲಾಠಿ ಬಿದ್ದು, ನೆತ್ತರು ಕಣ್ಣಿಗಿಳಿದು ಜಗತ್ತೆಲ್ಲ ಕೆಂಪಾಯಿತು. ಕಿಟಕಿಯ ಮುದುಕಿ ಮೇಲಿನಿಂದ ಕುದಿಯುವ ಆಲೂಗಡ್ಡೆ ನೀರನ್ನು ಪಾತ್ರೆಸಮೇತ ಎಸೆದಳು. ಅವಳ ಬಾಗಿಲನ್ನೂ ಒಡೆದರು. ವ್ಯಾನಿನ ನೆಲದಲ್ಲಿ ಜನರನ್ನು ಸೌದೆಯ ಹಾಗೆ ಒಬ್ಬರ ಮೇಲೊಬ್ಬರನ್ನು ಪೇರಿಸಿದರು. ಕೆಳಗಿದ್ದವನು ಯಾಜೆಪ್. ಅವನ ಕೆನ್ನೆಗೆ ಯಾರದೋ ಮೂತ್ರ ಬಿಸಿಯಾಗಿ ತಗುಲಿತು.

ಠಾಣೆಯಂಗಳದಲ್ಲಿ ಎರಡು ಸಾಲು ಲಾಠಿಗಳ ನಡುವೆ ಓಡಿಸಿದರು. ಬಿದ್ದವರನ್ನು ಎದ್ದೇಳುವ ತನಕ ಹೊಡೆದರು, ಎದ್ದವರನ್ನು ಬೀಳುವ ತನಕ. ಆಮೇಲೆ ಯಾಜೆಪ್ ಮತ್ತು ರಮಾನ್‌ನನ್ನು ಬಿಳಿ ಟೈಲ್ಸ್ ಹಾಕಿದ ಒಂದು ಕೋಣೆಗೆ ತಂದರು. ಅಲ್ಲಿದ್ದ ಮೇಜರ್‌ಗೆ ನೆಗಡಿ. ಬಾಯಲ್ಲಿ ಕೆಮ್ಮಿನ ಮಾತ್ರೆ ಚೀಪುತ್ತ, ಯಾಜೆಪ್‌ನ ಫೈಲು ತಿರುವುತ್ತ ಶುರುಮಾಡಿದ.

"ಎಂಬತ್ಮೂರ್ನೇ ಇಸವಿ. ಕಲಾಶಾಲೇಲಿ ಬೈಬಲ್ ಗೊಂಬೆಯಾಟ ಆಡ್ಸಿ ಹೊರಗೆ ಹಾಕಿಸ್ಕೊಂಡೆ. ಸೈನ್ಯಕ್ಕೆ ಕಳಿಸಿದ್ರು. ಅಲ್ಲಿ ಎಡಗಿವಿ ಹೋಯ್ತು. ತೊಂಬತ್ತೊಂದರಲ್ಲಿ ಸರ್ಕಾರಿ ಗೊಂಬೆ ರಂಗಮಂದಿರದಲ್ಲಿ ನೌಕರಿ. ಎರಡು ಸಾವಿರದ ಆರರಲ್ಲಿ ಮತ್ತೆ ನಾಲಿಗೆ ಉದ್ದ ಮಾಡಿ ಅದನ್ನೂ ಕಳ್ಕೊಂಡೆ. ಆಮೇಲಿಂದ ಗೋರಿಗೆ ಶಿಲುಬೆ ಕೆತ್ಕೊಂಡು ಹೊಟ್ಟೆಪಾಡು." ಅವನು ಮೂಗೊರೆಸಿಕೊಂಡ. "ಇಷ್ಟಾದ್ರೂ ಬುದ್ಧಿ ಬರ್ಲಿಲ್ವಲ್ಲೋ ಮುದ್ಕಪ್ಪಾ."

"ಬರೋದಿದ್ರೆ ಸೈನ್ಯದಲ್ಲೇ ಬರ್ತಿತ್ತು ಮೇಜರ್ ಸಾಹೇಬ್ರೆ. ಆ ಕಿವಿಯಾದ್ರೂ ಉಳೀತಿತ್ತು."

ಮೇಜರ್ ನಿಜವಾಗಿಯೂ ನಕ್ಕ. ಮೇಜಿನ ಮೇಲೆ ಕ್ಯಾಮೆರಾ ಇಟ್ಟಿದ್ದರು. ಪಕ್ಕದಲ್ಲಿ ಒಂದು ಹಾಳೆ. ಹೊರದೇಶದವರು ಹೇಳಿಕೊಟ್ಟರು, ನಾನು ಕುಣಿದೆ, ನಮ್ಮ ಪೊಲೀಸರನ್ನು ಅವಮಾನಿಸಿದ್ದಕ್ಕೆ ನಾಚಿಕೆಯಾಗಿದೆ, ಜನ ಮನೆಯಲ್ಲಿರಬೇಕು. ಇಷ್ಟನ್ನು ಓದಿದರೆ ಇಬ್ಬರನ್ನೂ ಬಿಡುತ್ತೇನೆ ಎಂದು ಮೇಜರ್ ಮಾತು ಕೊಟ್ಟ.

"ಓದಲ್ಲ."

"ನಿಂಗೆ ಹೊಡೆಯಲ್ಲ ಕಣೋ. ನಿಂಗೆ ಹೊಡೆಸ್ಕೊಂಡು ಅಭ್ಯಾಸ," ಎಂದು ಮೇಜರ್ ಗಲ್ಲವೆತ್ತಿ ಸನ್ನೆ ಮಾಡಿದ.

ಇಬ್ಬರು ಮುಸುಕಿನವರು ರಮಾನ್‌ನನ್ನು ನೆಲಕ್ಕೆ ಕೆಡವಿ ಕಾಲಗಲಿಸಿ ಮಲಗಿಸಿದರು. ಮೊದಲ ಏಟು ಸೊಂಟದ ಮೇಲೆ. "ಹೇಳ್ಬೇಡಿ ಮೇಷ್ಟ್ರೇ!" ಎಂದು ರಮಾನ್ ಕಿರುಚಿದ. ಎರಡನೆಯದಕ್ಕೂ ಅದೇ ಮಾತು. ಆಮೇಲೆ ಮಾತು ಹೋಗಿ ಬರೀ ಕಿರುಚಾಟ ಉಳಿಯಿತು, ಅದೂ ಹೋಗಿ ಉಸಿರಿನ ಗೊರಗೊರ ಉಳಿಯಿತು. ಲಾಠಿ ಒದ್ದೆ ಬಟ್ಟೆಯ ಮೇಲೆ ಬಿದ್ದ ಹಾಗೆ ಸದ್ದಾಗತೊಡಗಿತು. ಯಾಜೆಪ್ ಟೈಲ್ಸ್ ನಡುವಿನ ಗೆರೆಗಳನ್ನೇ ನೋಡುತ್ತ ನಿಂತಿದ್ದ. ಒಂದು ಗಳಿಗೆಯಲ್ಲಿ ರಮಾನ್‌ನ ಕಾಲು ತಾನಾಗಿ ಅದುರಿ, ಅಲುಗಾಡುವುದನ್ನೇ ನಿಲ್ಲಿಸಿತು.

"ಓದ್ತೀನಿ," ಎಂದ ಯಾಜೆಪ್.

ಅವನ ಮುಖ ತೊಳೆಸಿ, ಯಾರದೋ ಶರ್ಟು ತೊಡಿಸಿ ಕೂರಿಸಿದರು. ಅವನು ಹಾಳೆಯಲ್ಲಿದ್ದುದನ್ನೆಲ್ಲ ಓದಿದ. ಹೆರೋದನನ್ನೂ ದೇವದೂತರನ್ನೂ ಒಂದೇ ಉಸಿರಿನಲ್ಲಿ ಆಡಿಸಿದ ಗಂಟಲು ಅಲ್ಲಿ ಒಣಗಿದ ಕಡ್ಡಿಯಂತೆ ಮುರಿಯಿತು. ಆ ಸಂಜೆಯೇ ಟಿ.ವಿ.ಯಲ್ಲಿ ಹಾಕಿದರು. ರಮಾನ್‌ನನ್ನು ಆಸ್ಪತ್ರೆಯ ಮುಂದೆ ಎಸೆದು ಹೋದರು. ಕೊಟ್ಟ ಮಾತಿನಲ್ಲಿ ಅಷ್ಟನ್ನು ಮೇಜರ್ ಉಳಿಸಿಕೊಂಡ.

ಆದರೆ ಯಾಜೆಪ್‌ನನ್ನು ಕೋಣೆಯಿಂದ ಹೊರಗೆ ಕಳಿಸುವಾಗ ಅವನು ಬಾಗಿಲ ಬಳಿ ನಿಲ್ಲಿಸಿದ. "ಬಲಗೈ ಇಡು ಇಲ್ಲಿ," ಎಂದು ಚೌಕಟ್ಟು ತೋರಿಸಿದ. ಯಾಜೆಪ್ ಇಡಲಿಲ್ಲ. ಒಬ್ಬ ಹಿಡಿದಿಟ್ಟ. ಮೇಜರ್ ಕಬ್ಬಿಣದ ಬಾಗಿಲನ್ನು ಭುಜಕೊಟ್ಟು ನೂಕಿದ. ಒಂದು ಸಲಕ್ಕೆ ಸಾಲಲಿಲ್ಲ ಎನಿಸಿ ಮತ್ತೊಮ್ಮೆ ನೂಕಿದ. ನಾಲ್ಕು ಬೆರಳೂ ಹೋದವು.

ಶಾಂತಿಭಂಗದ ಆರೋಪಕ್ಕೆ ಮೂರು ವರ್ಷದ ಶಿಕ್ಷೆಯಾಯಿತು. ಕ್ಷಮೆ ಕೇಳಿದ್ದು ಯಾವ ಲೆಕ್ಕಕ್ಕೂ ಬರಲಿಲ್ಲ. ಆರು ತಿಂಗಳಾದ ಮೇಲೆ ಹೆಂಡತಿ ಫ್ರಾನ್ಯಾಳನ್ನು ಗಾಜಿನಾಚೆ ಕೂರಿಸಿ ಫೋನು ಕೊಟ್ಟರು.

"ಟಿ.ವಿ.ಲಿ ನೋಡಿದ್ಯಾ?" ಎಂದು ಕೇಳಿದ.

"ನೋಡ್ದೆ."

"ಏನನ್ನಿಸ್ತು?"

"ಶರ್ಟಿನ ಗುಂಡಿ ತಪ್ಪು ತೂತಿಗೆ ಹಾಕಿದ್ರು. ನೀನು ಉಸಿರಾಡ್ತಿದ್ದೆ. ನಾನು ನೋಡಿದ್ದು ಅಷ್ಟೆ." ಫ್ರಾನ್ಯಾ ಗಾಜಿನ ಹತ್ತಿರ ಬಗ್ಗಿದಳು. "ಕೈ ತೋರ್ಸು."

ಅವನು ತೋರಿಸಲಿಲ್ಲ. "ರಮಾನ್?"

"ಒಂದು ಮೂತ್ರಪಿಂಡ ತೆಗೆದ್ರು. ಗಡಿ ದಾಟಿ ಪೋಲೆಂಡಿಗೆ ಹೋದ. ನಿನ್ ವಿಷ್ಯ ಎತ್ತಿದ್ರೆ ಫೋನಿಟ್ಬಿಡ್ತಾನೆ."

ಸೆರೆಮನೆಯಲ್ಲಿ ರಾಜಕೀಯ ಕೈದಿಗಳ ಎದೆಗೆ ಹಳದಿ ಪಟ್ಟಿ. ಹಳದಿ ಪಟ್ಟಿಯವನನ್ನು ಹೊಡೆದ ಬೇರೆ ಕೈದಿಗಳಿಗೆ ಹೆಚ್ಚಿನ ಚಹಾ ಸಿಗುತ್ತಿತ್ತು. ಎರಡನೆಯ ಚಳಿಗಾಲದಲ್ಲಿ ಯಾಜೆಪ್ ನೆನೆಸಿದ ಬ್ರೆಡ್ಡಿನ ತಿರುಳನ್ನು ಎಡಗೈಯಲ್ಲೇ ನಾದಿ ಪುಟ್ಟ ರಾಹೇಲಳನ್ನು ಮಾಡಿದ. ಅದು ಸಿಕ್ಕಿಬಿದ್ದಾಗ ಕಾವಲಿನವನು ಅವನ ಬಾಯಿಗೇ ತುರುಕಿ, ನುಂಗುವ ತನಕ ಹೊಟ್ಟೆಗೆ ಒದ್ದ. ಅವನು ಮತ್ತೆ ಮಾಡಿದ. ಮತ್ತೆ ಒದೆ ತಿಂದ. ಹೊರಬರುವಾಗ ಹಲ್ಲು ಹನ್ನೊಂದು ಉಳಿದಿದ್ದವು, ಎಡಗೈ ಮಾತ್ರ ಪಳಗಿತ್ತು.

ಬಿಡುಗಡೆಯಾಗಿ ಎರಡು ವಾರಕ್ಕೆ ಮತ್ತೆ ಬಾಗಿಲು ಬಡಿದರು. ಫ್ರಾನ್ಯಾ "ಊರಲ್ಲಿಲ್ಲ" ಎಂದು ಸಾಧಿಸಿ ಕಳಿಸಿದಳು, ಅವನು ಮಂಚದ ಕೆಳಗಿದ್ದ. ಮರುದಿನವೇ ಇಬ್ಬರೂ ಕೈಚೀಲ ಹಿಡಿದು ಹೊರಟು, ಸುತ್ತುದಾರಿಯಲ್ಲಿ ಗಡಿ ದಾಟಿ ಬಿಯಾಲಿಸ್ತೋಕ್ ಸೇರಿದರು. ಅಲ್ಲಿ ಹ್ರೋದ್ನಾದಿಂದ ಓಡಿಬಂದವರು ಸಾಕಷ್ಟಿದ್ದರು. ಶನಿವಾರ ಒಂದು ಶಾಲೆಯ ಸಭಾಂಗಣದಲ್ಲಿ ರಮಾನ್‌ನ ಬತ್ಲೇಕಾ ಇದೆ ಎಂದು ಯಾರೋ ಹೇಳಿದರು. ಯಾಜೆಪ್ ಒಬ್ಬನೇ ಹೋಗಿ ಕೊನೆಯ ಬೆಂಚಿನಲ್ಲಿ ಕೂತ.

ಸೈನಿಕರು ಬಂದರು, ಹೆರೋದ ಬಂದ. ಆಮೇಲೆ ಆಸ್ಥಾನಕ್ಕೆ ಹೊಸ ಗೊಂಬೆಯೊಂದು ಬಂತು. ಗಡ್ಡದ ಮುದುಕ, ಹುಬ್ಬಿನ ಮೇಲೆ ಗಾಯ. ಹೆರೋದ "ಏನಂತೀಯ?" ಎಂದ ಕೂಡಲೆ ಆ ಗೊಂಬೆ ದಬಕ್ಕನೆ ತಲೆ ಬಗ್ಗಿಸಿ "ನಂಗೆ ನಾಚಿಕೆಯಾಗಿದೆ ಪ್ರಭು" ಎಂದಿತು. ಕೆಲವರು ನಕ್ಕರು. ಯಾಜೆಪ್‌ನ ಗುರುತು ಹತ್ತಿದವರು ನೆಲ ನೋಡಿದರು. ಅವನ ಕಿವಿಯಿಂದ ಕತ್ತಿನವರೆಗೆ ಬೆಂಕಿ ಹತ್ತಿಕೊಂಡಂತಾಯಿತು. ಆದರೂ ಮುಗಿಯುವ ತನಕ ಎದ್ದು ಹೋಗಲಿಲ್ಲ.

ಜನ ಚದುರಿದ ಮೇಲೆ ಪೆಟ್ಟಿಗೆಯ ಹಿಂದೆ ಹೋದ. ರಮಾನ್ ಬಿಳಿಚಿಕೊಂಡ.

"ಯಾರು ಕೇಳಿದ್ರು ನಿಮ್ಮನ್ನ ಓದಿ ಅಂತ?" ಎಂದ. ಮೂರು ವರ್ಷ ನುಂಗಿಕೊಂಡದ್ದೆಲ್ಲ ಹೊರಬಂತು. "ನಾನು ತಡ್ಕೋತಿದ್ದೆ! ಹೇಳ್ಬೇಡಿ ಅಂತ ಬಾಯಿ ಬಡ್ಕೊಂಡೆ! ನನ್ನ ನೆಪದಲ್ಲಿ ಅವರ ಕಾಲಿಗೆ ಬಿದ್ರಿ ನೀವು!" ಅಷ್ಟೆಂದವನೇ ಕೈಯೆತ್ತಿ ಯಾಜೆಪ್‌ನ ಕೆನ್ನೆಗೆ ಬಾರಿಸಿದ. ಮುದುಕ ಗೋಡೆಗೆ ಒರಗಿ ಸಾವರಿಸಿಕೊಂಡ.

"ಗೊಂಬೆ ಅಷ್ಟು ಬೇಗ ತಲೆ ಬಗ್ಗಿಸ್ಬಾರ್ದು," ಎಂದ.

"ಏನು?"

"ನಾನು ತಕ್ಷಣ ಹೇಳ್ಲಿಲ್ಲ ರಮಾನ್. ನಿಂಗೆ ಎಚ್ಚರ ಇರ್ಲಿಲ್ಲ, ಗೊತ್ತಿಲ್ಲ ನಿಂಗೆ. ಹದಿನೇಳು ಏಟು ಸುಮ್ನೆ ನಿಂತಿದ್ದೆ. ಅವ್ರು ಹೊಡೀತಿದ್ರು, ನಾನು ಎಣಿಸ್ತಿದ್ದೆ. ನಾನು ದೊಡ್ಡ ಕಲಾವಿದ, ಬಗ್ಗಬಾರ್ದು ಅಂತ. ಎಷ್ಟನೇ ಏಟಿಗೆ ನಿನ್ನ ಒಳಗಿಂದು ಒಡೀತೋ ಗೊತ್ತಿಲ್ಲ. ಮೊದಲ್ನೇದಕ್ಕೇ ಓದ್ಬೇಕಿತ್ತು."

ರಮಾನ್ ತನ್ನ ಸೊಂಟ ಮುಟ್ಟಿಕೊಂಡ. ಆಮೇಲೆ ಮುದುಕನ ಗೊಂಬೆಯನ್ನು ತಿರುಗಿಸಿ ನೋಡುತ್ತ, "ಕತ್ತಿನ ಹತ್ರ ತಿರುಪು ಸಡಿಲ ಆಗಿದೆ," ಎಂದ. "ಬಿಗಿ ಮಾಡಿದ್ರೆ ನಿಧಾನಕ್ಕೆ ಬಗ್ಗುತ್ತೆ. ಬುಧವಾರ ಕೆಲಸದ ಶೆಡ್ಡಿನಲ್ಲಿರ್ತೀನಿ."

"ಬರ್ತೀನಿ," ಎಂದ ಯಾಜೆಪ್.

ಮನೆಯಲ್ಲಿ ಫ್ರಾನ್ಯಾ ಆಲೂಗಡ್ಡೆ ತುರಿಯುತ್ತಿದ್ದಳು. ಅವನ ಮುಖ ನೋಡಿ ತುರಿಮಣೆ ಕೆಳಗಿಟ್ಟಳು. "ಕೆನ್ನೆಗೇನಾಯ್ತು?"

"ರಮಾನ್ ಮಾತಾಡಿಸಿದ," ಎಂದು ಅವನು ಬೂಟು ಬಿಚ್ಚಲು ಕೂತ.